ಬಟ್ಟಲಿನ ಬಾಣಂತನ

ಒಣಗಿಸುವ ವಿದ್ಯೆ ನಮ್ಮ ಮನೆಗಳಲ್ಲಿ ಹೆಂಗಸರ ಸ್ವತ್ತು. ಹಪ್ಪಳ ಸಂಡಿಗೆಗಳನ್ನು ಎಷ್ಟು ಬಿಸಿಲಿಗೆ ಇಡಬೇಕು, ಕರಿಬೇವನ್ನು ಏಕೆ ನೆರಳಿನಲ್ಲಿಯೇ ಹರವಬೇಕು, ಉಪ್ಪು ಸವರಿದ ಮಾವಿನ ಹೋಳು ಯಾವ ಹದಕ್ಕೆ ಬಂದಾಗ ಒಳಗೆ ತೆಗೆಯಬೇಕು, ಇವನ್ನೆಲ್ಲ ನಮ್ಮ ತಾಯಂದಿರು ಕಣ್ಣಿನಿಂದಲೂ ಬೆರಳಿನಿಂದಲೂ ಬಲ್ಲರು. ಗಂಡಸರಾದ ನಮ್ಮ ಪಾಂಡಿತ್ಯವು ಅಂಗಳದಲ್ಲಿ ಕುಳಿತು ಕಾಗೆಯೋಡಿಸುವಲ್ಲಿಗೆ ಮುಗಿಯುತ್ತದೆ. ಆದರೆ ನಾನು ತೀರ್ಥಹಳ್ಳಿಯ ಕಡೆಯ ಅಡಕೆಯ ತೋಟದವನು. ವರ್ಷವರ್ಷವೂ ಅಂಗಳದ ತುಂಬ ಅಡಕೆ ಹರವಿ ಒಣಗಿಸುವ ನನಗೆ ಒಣಗಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲವೆಂಬ ಅಹಂಕಾರವಿತ್ತು. ಆ ಅಹಂಕಾರವನ್ನು ಇಳಿಸಿದ್ದು ಒಂದು ಮರದ ಬಟ್ಟಲು. ಆ ಕಥೆಯನ್ನು ಹೇಳಬೇಕಾದರೆ ಮೊದಲು ಮರದ ಕಥೆಯನ್ನು ಹೇಳಬೇಕು.

ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಹಲಸಿನ ಮರವಿತ್ತು. ನನ್ನ ತಂಗಿ ಹುಟ್ಟಿದ ವರ್ಷ ನಮ್ಮ ತಂದೆಯವರು ಬೀಜ ಊರಿ ಬೆಳೆಸಿದ ಮರ. "ಇದು ಅವಳ ಮರ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ತಂಗಿಗೆ ಮದುವೆಯಾಗಿ ಬೆಂಗಳೂರು ಸೇರಿದ ಮೇಲೆ ಪ್ರತಿವರ್ಷವೂ ಆ ಮರದ ಒಂದು ಹಣ್ಣು ಬಸ್ಸಿನ ಮೇಲೇರಿ ಅವಳ ಮನೆಗೆ ಹೋಗುತ್ತಿತ್ತು. ತಂದೆಯವರು ತೀರಿಕೊಂಡರು. ಮರ ವರ್ಷದಿಂದ ವರ್ಷಕ್ಕೆ ಕೊಟ್ಟಿಗೆಯ ಕಡೆಗೆ ವಾಲಿತು. ಒಂದು ವೈಶಾಖದಲ್ಲಿ, ಮಳೆ ಹಿಡಿಯುವುದಕ್ಕೆ ಮೊದಲು, ನಾನು ಆಳುಗಳನ್ನು ಕರೆಸಿ ಅದನ್ನು ಕಡಿಸಿಬಿಟ್ಟೆನು. ದನಗಳ ಮೇಲೆ ಬಿದ್ದರೆ ಗತಿಯೇನೆಂಬ ನನ್ನ ಭಯ ಸುಳ್ಳಲ್ಲ. ಆದರೆ ಕಡಿಸುವ ಮುನ್ನ ತಂಗಿಗೆ ಒಂದು ಮಾತು ಹೇಳಬೇಕೆಂದು ನನಗೆ ತೋರಲಿಲ್ಲ. ಅವಳಿಗೆ ಸಂಗತಿ ತಿಳಿದದ್ದು ಆ ವರ್ಷ ಹಣ್ಣು ಬಾರದಿದ್ದಾಗ. ದೂರವಾಣಿಯಲ್ಲಿ ಅವಳು ಜಗಳವಾಡಲಿಲ್ಲ; "ಸರಿ ಅಣ್ಣಯ್ಯ" ಎಂದಷ್ಟೇ ಹೇಳಿ ಇಟ್ಟಳು. ಜಗಳವಾಡಿದ್ದರೆ ಚೆನ್ನಾಗಿತ್ತು.

ಗೌರೀಹಬ್ಬಕ್ಕೆ ತವರಿನಿಂದ ಹೋಗುವ ಬಾಗಿನದ ಜೊತೆಯಲ್ಲಿ ಅವಳ ಮರದ್ದೇ ಒಂದು ಬಟ್ಟಲನ್ನು ಮಾಡಿಸಿ ಕಳುಹಿಸೋಣವೆಂಬ ಬುದ್ಧಿ ನನಗೆ ಹೊಳೆದದ್ದು ಆಗ. ನಮ್ಮ ಊರಿಗೆ ಎರಡು ಹರದಾರಿ ದೂರದಲ್ಲಿ ಒಬ್ಬ ವೃದ್ಧ ಆಚಾರಿ ಇದ್ದಾನೆ. ಎಳೆಯ ವಯಸ್ಸಿನಲ್ಲಿ ಚನ್ನಪಟ್ಟಣದ ಬೊಂಬೆಯವರ ಬಳಿ ಕಡಸಲಿನ ಕೆಲಸ ಕಲಿತವನು. ಈಗ ಮನೆಯಲ್ಲಿ ಒಂದು ವಿದ್ಯುತ್ತಿನ ಕಡಸಲನ್ನು ಇಟ್ಟುಕೊಂಡು ಮಂಚದ ಕಾಲು, ತೊಟ್ಟಿಲ ಗುಂಡು, ಲಟ್ಟಣಿಗೆ ಮೊದಲಾದವನ್ನು ಕಡೆದುಕೊಡುತ್ತಾನೆ. ನಾನು ಒಂದು ತುಂಡನ್ನು ಗಾಡಿಯಲ್ಲಿ ಹೇರಿಕೊಂಡು ಹೋದಾಗ ಅವನು ಅದರ ಕೊಯ್ದ ಮುಖಕ್ಕೆ ಅಂಗೈ ಇಟ್ಟು ನೋಡಿ, "ಹಸಿ ಮರ, ರಾಯರೇ. ಕಡೆಯೋದಕ್ಕೆ ಬೆಣ್ಣೆ, ಒಣಗಿಸೋದೇ ಕಷ್ಟ" ಎಂದನು. ಅವನು ಹೇಳಿದ್ದರಲ್ಲಿ ಮೊದಲರ್ಧವನ್ನು ಮಾತ್ರ ನಾನು ಕೇಳಿಸಿಕೊಂಡೆನು.

ನಾಲ್ಕು ಬಟ್ಟಲುಗಳಾದುವು. ಹಸಿ ಹಲಸು ಉಳಿಗೆ ಸಿಕ್ಕಿದಾಗ ಅರಿಶಿನದ ಬಣ್ಣದ ಸಿಪ್ಪೆ ಉದ್ದುದ್ದ ಸುರುಳಿಯಾಗಿ ಹಾರುವುದನ್ನು ನೋಡುವುದೇ ಒಂದು ಹಬ್ಬ. ಮನೆಗೆ ತಂದವನು ಮೂರನ್ನು ಅಂಗಳದಲ್ಲಿ ಚಾಪೆಯ ಮೇಲೆ, ಅಡಕೆಯ ಪಕ್ಕದಲ್ಲಿ, ಬಿಸಿಲಿಗೆ ಬೋರಲಿಟ್ಟೆನು. ನಾಲ್ಕನೆಯದಕ್ಕೆ ಚಾಪೆಯಲ್ಲಿ ಸ್ಥಳವಿರಲಿಲ್ಲವಾಗಿ ಅದು ಜಗಲಿಯ ಮೂಲೆಯಲ್ಲಿ ಗೋಣಿಚೀಲಗಳ ಕೆಳಗೆ ಉಳಿಯಿತು. ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆನು. ಅಂಗಳದಿಂದ ಟಪ್ಪೆಂದು ಒಂದು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸಂಜೆಯ ಹೊತ್ತಿಗೆ ಮೂರು ಬಟ್ಟಲೂ ಅಂಚಿನಿಂದ ತಳದವರೆಗೆ ಬಾಯ್ಬಿಟ್ಟಿದ್ದುವು. ಒಂದರ ಸೀಳಿನಲ್ಲಿ ನನ್ನ ಕಿರುಬೆರಳು ಹೋಗುವಂತಿತ್ತು.

ಉಳಿದ ಒಂದನ್ನು ನಾನು ದೈವಕೃಪೆಯೆಂದೇ ತಿಳಿದು, ಭಾದ್ರಪದ ಹತ್ತಿರವಾದಾಗ ಆಚಾರಿಯ ಬಳಿಗೆ ಒಯ್ದೆನು. "ಇನ್ನೂ ಒಣಗಿಲ್ಲ, ಆರು ತಿಂಗಳು ಬಿಡಿ" ಎಂದು ಅವನು ಬೇಡಿಕೊಂಡನು. ಹಬ್ಬ ಆರು ತಿಂಗಳು ನಿಲ್ಲುತ್ತದೆಯೇ? ಬಲವಂತದಿಂದ ನಯ ಮಾಡಿಸಿ ಬಾಗಿನದ ಜೊತೆಯಲ್ಲಿ ಕಳುಹಿಸಿಬಿಟ್ಟೆನು. ಬಟ್ಟಲು ತಲಪಿದ ದಿನ ತಂಗಿಯ ದನಿಯಲ್ಲಿ ಸ್ವಲ್ಪ ಹಳೆಯ ಸಲಿಗೆ ಬಂದಂತೆ ತೋರಿತು. ಆದರೆ ಶಿವರಾತ್ರಿಯ ಹೊತ್ತಿಗೆ, ಬೆಂಗಳೂರಿನ ಒಣಹವೆಯಲ್ಲಿ, ಯಾರೂ ಮುಟ್ಟದೆಯೇ ಆ ಬಟ್ಟಲು ಗೂಡಿನಲ್ಲಿ ಕುಳಿತಲ್ಲಿಯೇ ಸೀಳಿತು. ಅವಳೇ ದೂರವಾಣಿ ಮಾಡಿದಳು. "ಅಣ್ಣಯ್ಯ, ಮರಾನೂ ಉಳಿಸಲಿಲ್ಲ, ಅದರ ಬಟ್ಟಲನ್ನೂ ಉಳಿಸಲಿಲ್ಲ ನೀನು" ಎಂದಳು. ಕೋಪದ ಮಾತಾಗಿದ್ದರೆ ತಡೆದುಕೊಳ್ಳಬಹುದಾಗಿತ್ತು, ಅವಳು ಅಳುತ್ತಿದ್ದಳು.

ಮರುದಿನವೇ ನಾನು ಆಚಾರಿಯ ಮನೆಯ ಜಗಲಿಯಲ್ಲಿ ಹೋಗಿ ಕುಳಿತೆನು. ಈ ಸಲ ಪೂರ್ತಿ ಕೇಳಿಸಿಕೊಳ್ಳಲು ಹೋದವನು. ಅವನು ಹೇಳಿದ್ದನ್ನೂ, ಆಮೇಲೆ ಮರದ ವಿಷಯದ ಪುಸ್ತಕಗಳನ್ನು ತರಿಸಿ ಓದಿ ನಾನು ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ಮನೆಯ ಮರವೊಂದು ಬಿದ್ದಾಗ ಅದರ ನೆನಪಿಗೆ ಏನನ್ನಾದರೂ ಮಾಡಿಸಿಕೊಳ್ಳಬೇಕೆನ್ನುವ ವಾಚಕರಿಗೆ ಉಪಯೋಗವಾದೀತು.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಮರವೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳ ಕಂತೆ. ಕೊಳವೆಯ ಪೊಳ್ಳಿನಲ್ಲಿ ತುಂಬಿದ ನೀರು ಒಂದು. ಕೊಳವೆಯ ಗೋಡೆಯೇ ಹೀರಿಕೊಂಡಿರುವ ನೀರು ಇನ್ನೊಂದು. ಮೊದಲು ಹೋಗುವುದು ಪೊಳ್ಳಿನ ನೀರು. ಅದು ಹೋದರೆ ಮರ ಹಗುರವಾಗುವುದೇ ಹೊರತು ಕುಗ್ಗುವುದಿಲ್ಲ. ಪೂರ್ಣ ಒಣಗಿದ ಮರದ ತೂಕಕ್ಕೆ ನೂರಕ್ಕೆ ಸುಮಾರು 30ರಷ್ಟು ನೀರು ಉಳಿಯುವ ಹೊತ್ತಿಗೆ ಪೊಳ್ಳುಗಳು ಬರಿದಾಗಿ, ಗೋಡೆಯ ನೀರು ಹೊರಡಲು ಮೊದಲಾಗುತ್ತದೆ. ಕುಗ್ಗುವಿಕೆ ಪ್ರಾರಂಭವಾಗುವುದು ಅಲ್ಲಿಂದ. ನನ್ನ ಬಟ್ಟಲುಗಳನ್ನು ಬಿಸಿಲಿಗಿಟ್ಟಾಗ ಹೊರಮೈ ಆ ಗಡಿಯನ್ನು ಒಂದೇ ಮಧ್ಯಾಹ್ನದಲ್ಲಿ ದಾಟಿತು. ಒಳಮೈ ಇನ್ನೂ ತೊಯ್ದೇ ಇದ್ದಿತು. ಒಳಗಿನದು ಹಿಗ್ಗಿ ನಿಂತಿರುವಾಗ ಹೊರಗಿನದು ಕುಗ್ಗಿದರೆ, ಬೆಳೆಯುವ ಹುಡುಗನಿಗೆ ಹಿಂದಿನ ವರ್ಷದ ಅಂಗಿ ತೊಡಿಸಿದಂತೆ, ಎಲ್ಲಿಯೋ ಒಂದು ಕಡೆ ಹರಿಯಲೇಬೇಕು. ಹಸಿ ಮಡಕೆಯನ್ನು ಕುಂಬಾರನು ಬಿಸಿಲಿಗಿಡದೆ ನೆರಳಿನಲ್ಲಿ ಆರಿಸುವುದೂ ಇದೇ ಕಾರಣಕ್ಕೆ. ನಮ್ಮೂರ ಕುಂಬಾರನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಮರ ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗುವುದೂ ಇಲ್ಲ. ಎಳೆಯ ಉದ್ದಕ್ಕೆ ಅದು ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ; ತಿರುಳನ್ನು ಸುತ್ತಿದ ಬಳೆಗಳ ಗುಂಟ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತದೆ. ಆದುದರಿಂದ ನಡುವೆ ತಿರುಳನ್ನಿಟ್ಟುಕೊಂಡು ಕಡೆದ ಬಟ್ಟಲು ಸೀಳದೆ ಉಳಿಯುವುದು ಅಪರೂಪ. ದಿಮ್ಮಿಯನ್ನು ತಿರುಳಿನ ಮೇಲೆಯೇ ಉದ್ದಕ್ಕೆ ಸೀಳಿ, ತಿರುಳನ್ನು ಕೆತ್ತಿ ತೆಗೆದು, ಅರೆಹೋಳಿನಲ್ಲಿ ಬಟ್ಟಲನ್ನು ಕಡೆಯಬೇಕು. ಹೀಗೆ ಕಡೆದದ್ದೂ ಒಣಗುವಾಗ ದುಂಡಗೆ ಉಳಿಯದು. ಎಳೆಯ ಅಡ್ಡಕ್ಕೆ ಕುಗ್ಗಿ, ಉದ್ದಕ್ಕೆ ಹಾಗೆಯೇ ನಿಂತು, ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ನಮ್ಮ ಅಟ್ಟದ ಮೇಲೆ ಅಜ್ಜಿಯ ಕಾಲದ ಒಂದು ಉಪ್ಪಿನ ಮರಿಗೆ ಇದೆ. ಅದರ ಬಾಯಿ ಕೊಂಚ ಉದ್ದುದ್ದವಾಗಿರುವುದನ್ನು ಮಾಡಿದವನ ಕೈ ತಪ್ಪೆಂದೇ ನಾನು ತಿಳಿದಿದ್ದೆನು. ಈಗ ಇಳಿಸಿ ನೋಡಿದರೆ ಉದ್ದವಿರುವುದು ಸರಿಯಾಗಿ ಎಳೆಯ ಗುಂಟವೇ!

"ಹಾಗಾದರೆ ಒಣಗಿದ ಮರವನ್ನೇ ಕಡೆಯಬಾರದೇ?" ಎಂದು ಕೇಳಿದೆನು. ಚನ್ನಪಟ್ಟಣದಲ್ಲಿ ಹಾಗೆಯೇ ಮಾಡುತ್ತಾರೆಂದು ಆಚಾರಿ ಹೇಳಿದನು. ಅಲ್ಲಿ ಆಲೆಮರವನ್ನು ತಿಂಗಳುಗಟ್ಟಲೆ ಆರಲು ಬಿಟ್ಟು ಆಮೇಲೆ ಕಡಸಲಿಗೆ ಏರಿಸುತ್ತಾರೆ. ಆದರೆ ಅದು ಸಣ್ಣ ಬೊಂಬೆಗಳ ಮಾತು, ಸಪೂರ ತುಂಡುಗಳು. ಹತ್ತು ಅಂಗುಲ ಅಗಲದ ಬಟ್ಟಲಿಗೆ ಬೇಕಾದ ದಪ್ಪ ದಿಮ್ಮಿ ಒಳಗಿನವರೆಗೆ ಒಣಗುವುದಕ್ಕೆ ವರ್ಷಗಳೇ ಬೇಕು. ಅಷ್ಟರಲ್ಲಿ ಅದೇ ಸೀಳಿರುತ್ತದೆ. ಒಳಗನ್ನು ತೋಡಿ ಗೋಡೆಯನ್ನು ತೆಳುಮಾಡಿದರೆ ನೀರಿಗೆ ದಾರಿ ಹತ್ತಿರವಾಗುತ್ತದೆ. ಬೇರೆ ದೇಶಗಳಲ್ಲಿಯೂ ಬಟ್ಟಲು ಕಡೆಯುವವರು ಇದನ್ನೇ ಮಾಡಿದರೆಂದು ಆಮೇಲೆ ಓದಿದೆನು. ಇಂಗ್ಲೆಂಡಿನ ಬರ್ಕ್‌ಷೈರ್ ಸೀಮೆಯ ಬಕಲ್‌ಬರಿಯಲ್ಲಿ ಜಾರ್ಜ್ ಲೇಲಿ ಎಂಬುವನು, ಬಾಗುವ ಗಳುವಿಗೆ ಹಗ್ಗ ಕಟ್ಟಿ ಕಾಲಿನಿಂದ ತುಳಿದು ನಡೆಸುವ ಕಡಸಲಿನಲ್ಲಿ, ಎಲ್ಮ್ ಎಂಬ ಮರದ ಒಂದೇ ತುಂಡಿನಿಂದ ಒಂದರೊಳಗೊಂದು ಕೂರುವ ಬಟ್ಟಲುಗಳನ್ನು ತೆಗೆಯುತ್ತಿದ್ದನಂತೆ. ಅವನು ತೀರಿಕೊಂಡದ್ದು 1958ರಲ್ಲಿ. ಅವನ ಕಡಸಲನ್ನು ರೆಡಿಂಗ್ ಪಟ್ಟಣದ ಗ್ರಾಮಜೀವನದ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ನನ್ನ ಪುಣ್ಯಕ್ಕೆ ಹಲಸಿನ ದಪ್ಪ ದಿಮ್ಮಿಗಳೆರಡು ಕೊಟ್ಟಿಗೆಯ ಮಾಡಿನ ಕೆಳಗೆ ಇನ್ನೂ ಬಿದ್ದಿದ್ದುವು. ಹತ್ತು ತಿಂಗಳಲ್ಲಿ ಅವುಗಳ ತುದಿಗಳು ನಕ್ಷತ್ರದಂತೆ ಬಿರಿದಿದ್ದುವು. ಆಚಾರಿಯು ಎರಡೂ ಕಡೆ ಒಂದೊಂದು ಗೇಣು ಕೊಯ್ದು ಬಿಸಾಡಲು, ಒಳಗೆ ಹಸಿ ಹಸಿಯಾಗಿಯೇ ಇದ್ದಿತು. ಎಳೆಗಳು ಬಾಯ್ತೆರೆದಿರುವ ಕೊಯ್ದ ಮುಖದಿಂದ ನೀರು ಪಕ್ಕದ ಮೈಗಿಂತ ಹತ್ತು ಪಟ್ಟಿಗೂ ಮೀರಿದ ವೇಗದಲ್ಲಿ ಹೋಗುತ್ತದೆಯಂತೆ. ಕಡಿದ ದಿನವೇ ತುದಿಗಳಿಗೆ ಕರಗಿಸಿದ ಮೇಣವನ್ನು ಬಳಿದಿದ್ದರೆ ಆ ಎರಡು ಗೇಣೂ ಉಳಿಯುತ್ತಿತ್ತು.

ಈ ಸಲ ಮೂರು ಬಟ್ಟಲುಗಳನ್ನು ಕಡೆಯಿಸಿದೆನು. ಅಗಲದ ಹತ್ತನೆಯ ಒಂದು ಪಾಲು ಗೋಡೆಯ ದಪ್ಪ: ಹತ್ತು ಅಂಗುಲದ ಬಟ್ಟಲಿಗೆ ಒಂದು ಅಂಗುಲ. ಅಂಚಿನಲ್ಲಿಯೂ ಅಷ್ಟೇ, ತಳದಲ್ಲಿಯೂ ಅಷ್ಟೇ. ಅಂಚು ತೆಳು ತಳ ದಪ್ಪವಾದರೆ ಒಂದು ಬೇಗ ಒಣಗಿ ಇನ್ನೊಂದು ಹಿಂದೆ ಬಿದ್ದು, ಅಲ್ಲಿಯೇ ಸೀಳು ಹುಟ್ಟುತ್ತದೆ. ಈ ದಪ್ಪವು ಸೊಟ್ಟಗಾಗುವುದಕ್ಕೆ ನಾವು ಮರಕ್ಕೆ ಕೊಡುವ ಅವಕಾಶ. ಒಣಗಿ ಮೊಟ್ಟೆಯಂತಾದ ಬಟ್ಟಲನ್ನು ಮತ್ತೆ ಕಡಸಲಿಗೇರಿಸಿ ದುಂಡಗೆ ಮಾಡುವಷ್ಟು ಮರ ಉಳಿದಿರಬೇಕು. ಬಟ್ಟಲಿನಲ್ಲಿ ಕೊಯ್ದ ಮುಖ ಎರಡು ಕಡೆ, ಎದುರುಬದುರಾಗಿ, ಹೊರಗೆ ಕಾಣುತ್ತದೆ. ಅಲ್ಲಿಗೆ ಮಾತ್ರ ಜೇನುಮೇಣವನ್ನು ಬಳಿದುಕೊಟ್ಟನು.

ಮೂರರಲ್ಲಿ ಒಂದನ್ನು ಕುದಿಸಿ ನೋಡೋಣವೆಂದು ಆಚಾರಿಗೆ ಉತ್ಸಾಹ ಬಂದಿತು. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ ಕುದಿಸಿದರೆ ಮರದ ಬಿಗಿ ಸಡಿಲಿ ಸೀಳು ಕಡಿಮೆಯಾಗುತ್ತದೆಂದು ಕೆಲವರು ಮಾಡುವುದುಂಟು. ನಮ್ಮ ಬಚ್ಚಲ ಹಂಡೆಯಲ್ಲಿಯೇ ಈ ಪ್ರಯೋಗ ನಡೆಯಿತು. ಹಲಸಿನ ಚಕ್ಕೆ ಹಳದಿ ಬಣ್ಣವನ್ನು ಬಿಡುವಂಥದು. ಬೌದ್ಧಭಿಕ್ಷುಗಳ ಕಾಷಾಯಕ್ಕೆ ಅದರ ಬಣ್ಣವನ್ನು ಕಟ್ಟುವುದು ಪ್ರಸಿದ್ಧವಾಗಿಯೇ ಇದೆ. ಆ ಸಂಜೆ ಕೈಕಾಲು ತೊಳೆಯಲು ಹೋದ ಮನೆಯವಳು ನೀರನ್ನು ನೋಡಿ, "ನಿಮಗೆ ಸಂನ್ಯಾಸದ ಯೋಚನೆಯಿದ್ದರೆ ಮೊದಲೇ ಹೇಳಬಾರದೇ?" ಎಂದಳು.

ಆಮೇಲೆ ಪ್ರಾರಂಭವಾಯಿತು ಬಾಣಂತನ. ಈ ಹೆಸರೂ ಅವಳು ಕೊಟ್ಟದ್ದೇ. ಉಗ್ರಾಣದ ಕತ್ತಲೆಯ ಮೂಲೆ, ಕಿಟಕಿ ಬಿಗಿದ ಗೋಡೆ, ಗಾಳಿ ಆಡಬಾರದು, ಬಿಸಿಲು ತಾಗಬಾರದು, ಹೊರಗೆ ತರಬಾರದು! ಒಂದೊಂದು ಬಟ್ಟಲನ್ನೂ ಅದು ಕಡೆದಾಗ ಬಿದ್ದ ಸಿಪ್ಪೆಯೊಳಗೇ ಹುಗಿದು ದಪ್ಪ ಕಾಗದದ ಚೀಲದಲ್ಲಿ ಇಟ್ಟೆನು. ಸಿಪ್ಪೆಯ ತೇವ ಬಟ್ಟಲಿನ ಸುತ್ತ ಹವೆಯನ್ನು ಹಸಿಯಾಗಿರಿಸಿ, ಹೊರಮೈ ಒಳಮೈಗಿಂತ ಮುಂದೆ ಓಡದಂತೆ ತಡೆಯುತ್ತದೆ. ವಾರಕ್ಕೊಮ್ಮೆ ಸಿಪ್ಪೆಯನ್ನು ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ತಿಂಗಳ ಮೇಲೆ ಸಿಪ್ಪೆ ಬೇಡ, ಬರಿಯ ಚೀಲ. ಎರಡು ತಿಂಗಳ ಮೇಲೆ ಚೀಲದ ಬಾಯನ್ನು ತೆರೆಯಬಹುದು. ಬಟ್ಟಲು ಒಣಗಿತೇ ಇಲ್ಲವೇ ಎಂಬುದನ್ನು ಕಣ್ಣಾಗಲಿ ಕೈಯಾಗಲಿ ಹೇಳಲಾರದು, ತಕ್ಕಡಿ ಹೇಳುತ್ತದೆ. ಭಾನುವಾರ ಭಾನುವಾರ ತೂಗಿ ಬಟ್ಟಲಿನ ತಳದಲ್ಲಿಯೇ ಸೀಸದ ಕಡ್ಡಿಯಿಂದ ಬರೆದೆನು. ದೊಡ್ಡ ಬಟ್ಟಲು ಮೊದಲ ದಿನ 1560 ಗ್ರಾಂ ಇದ್ದಿತು. ಒಂದು ವಾರಕ್ಕೆ 110 ಗ್ರಾಂ ಇಳಿಯಿತು. ಎರಡು ತಿಂಗಳಿಗೆ ವಾರಕ್ಕೆ 20 ಗ್ರಾಮಿಗೆ ಬಂದಿತು. ಜ್ಯೇಷ್ಠದ ಕೊನೆಗೆ 1010ಕ್ಕೆ ನಿಂತಿತು. ಅರ್ಧ ಲೀಟರಿಗಿಂತ ಹೆಚ್ಚು ನೀರು, ಒಂದು ಚೊಂಬಿನಷ್ಟು, ಸದ್ದಿಲ್ಲದೆ ಆ ಮೂಲೆಯಿಂದ ಎದ್ದುಹೋಗಿತ್ತು! ಆಷಾಢದ ಜಡಿಮಳೆಯಲ್ಲಿ ಇದ್ದಕ್ಕಿದ್ದಂತೆ ತೂಕ 14 ಗ್ರಾಂ ಏರಿತು. ನಾನು ಗಾಬರಿಯಾದೆನು. ಆಚಾರಿ ನಕ್ಕು, "ಉಪ್ಪು ನೀರೊಡೆಯೋದಿಲ್ವೇ, ಹಪ್ಪಳ ಮೆತ್ತಗಾಗೋದಿಲ್ವೇ? ಮರವೂ ಹವೆ ಕುಡಿಯುತ್ತೆ, ರಾಯರೇ" ಎಂದನು.

ಆ ಮಾತಿನಲ್ಲಿಯೇ ನನ್ನ ಹಿಂದಿನ ತಪ್ಪಿನ ಉಳಿದರ್ಧ ಇದ್ದಿತು. ಮರ ಪೂರ್ತಿ ಒಣಗುವುದೆಂಬುದಿಲ್ಲ. ತಾನಿರುವ ಹವೆಗೆ ಹೊಂದಿ ನಿಲ್ಲುತ್ತದೆ, ಅಷ್ಟೆ. ಮಲೆನಾಡಿನ ಮಳೆಗಾಲಕ್ಕೆ ಹೊಂದಿದ ಬಟ್ಟಲು ಬೆಂಗಳೂರಿನ ಮಾಘಮಾಸಕ್ಕೆ ಹಸಿಯೇ. ಅಲ್ಲಿಗೆ ಹೋದಮೇಲೆ ಅದು ಮತ್ತೆ ಕುಗ್ಗುತ್ತದೆ. ಇದಕ್ಕೆ ಒಂದೇ ಉಪಾಯ: ನಯ ಮಾಡುವ ಮೊದಲು, ಗೋಡೆ ದಪ್ಪವಿರುವಾಗಲೇ, ಅದು ಬಾಳಬೇಕಾದ ಮನೆಯಲ್ಲಿ ಅದನ್ನು ಕೆಲವು ಕಾಲ ಇಡಬೇಕು.

ದೀಪಾವಳಿಗೆ ನಾನೇ ಬೆಂಗಳೂರಿಗೆ ಹೋದೆನು. ಸೊಟ್ಟಗೆ, ಒರಟಾಗಿ, ತಳದ ತುಂಬ ಅಂಕಿಗಳನ್ನು ಹೊತ್ತಿದ್ದ ಆ ಬಟ್ಟಲನ್ನು ತಂಗಿಯ ಮುಂದಿಟ್ಟು ಮಾಡಬೇಕಾದುದನ್ನು ಹೇಳಿದೆನು. ಅವಳು ಬಹಳ ಹೊತ್ತು ಮಾತನಾಡದೆ ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದಳು. "ಇಷ್ಟೂ ಭಾನುವಾರ ನೀನು ತೂಗಿದೆಯಾ?" ಎಂದಳು. ಅಡಿಗೆಮನೆಯ ತಕ್ಕಡಿಯಲ್ಲಿ ಅಂದೇ ತೂಗಿ, 1006 ಎಂದು ತನ್ನ ಕೈಯಿಂದಲೇ ಕೆಳಗೆ ಬರೆದಳು.

ಅಂದಿನಿಂದ ಪ್ರತಿ ಭಾನುವಾರವೂ ಬೆಳಗ್ಗೆ ದೂರವಾಣಿ ಬಡಿಯುತ್ತಿತ್ತು. "ಅಣ್ಣಯ್ಯ, ಈ ವಾರ ಒಂಬತ್ತು ಗ್ರಾಂ." ಮೊದಮೊದಲು ಅಷ್ಟೇ ಮಾತು. ಆಮೇಲೆ ತೂಕದ ಹಿಂದೆಯೇ ಅವಳ ಮಗನ ಪರೀಕ್ಷೆ, ನಮ್ಮ ಕರುವಿನ ಕಾಲುನೋವು, ಅಮ್ಮನ ಔಷಧ ಒಂದೊಂದಾಗಿ ಬಂದುವು. ತೂಕ ಇಳಿಯುತ್ತ ಬಂದಂತೆ ಮಾತು ಏರುತ್ತ ಬಂದಿತು. ಪುಷ್ಯದ ಒಂದು ಭಾನುವಾರ ಅವಳು ಅಂಕಿ ಹೇಳಿ ಸುಮ್ಮನಾದಾಗ, ಎರಡು ವರ್ಷಗಳಿಂದ ಗಂಟಲಲ್ಲಿದ್ದ ಮಾತನ್ನು ನಾನು ಆಡಿದೆನು: "ಮರ ಕಡಿಸೋ ಮುಂಚೆ ನಿನ್ನನ್ನು ಕೇಳಬೇಕಾಗಿತ್ತು, ಪುಟ್ಟೀ." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಕೇಳಿದ್ದರೆ ಕಡಿಸು ಅಂತಲೇ ಹೇಳುತ್ತಿದ್ದೆ, ಅಣ್ಣಯ್ಯ. ಕೊಟ್ಟಿಗೆ ಮೇಲೆ ವಾಲಿದ್ದು ನನಗೆ ಕಾಣದೇ?" ಎಂದಳು.

ಮೂರು ವಾರ ಒಂದೇ ಅಂಕಿ ಬಂದರೆ ಬಟ್ಟಲು ಸಿದ್ಧವೆಂದು ಲೆಕ್ಕ. ಫಾಲ್ಗುಣದಲ್ಲಿ 952 ಮೂರು ಸಲ ಬಂದಿತು. ಮುಂದಿನ ವಾರ ಅವಳು ಬಟ್ಟಲನ್ನು ಸೀರೆಯಲ್ಲಿ ಸುತ್ತಿಕೊಂಡು ತಾನೇ ಬಂದಳು. ಮರ ಹೋದಮೇಲೆ ತವರಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಆಚಾರಿ ಅಳೆದು ನೋಡಿದನು: ಎಳೆಯ ಉದ್ದಕ್ಕೆ ಮೊದಲಿನ ಹತ್ತಂಗುಲವೇ; ಅಡ್ಡಕ್ಕೆ ಕಾಲಂಗುಲಕ್ಕೂ ಮಿಕ್ಕಿ ಕಡಿಮೆ. ಒಂದು ಕೂದಲೆಳೆಯ ಸೀಳೂ ಇರಲಿಲ್ಲ. ಕಡಸಲಿಗೆ ಏರಿಸಿ ಅರ್ಧ ತಾಸಿನಲ್ಲಿ ದುಂಡಗೆ ಮಾಡಿ, ಗೋಡೆಯನ್ನು ಕಾಲಂಗುಲಕ್ಕೆ ಇಳಿಸಿ, ಅಗಸೆಯ ಎಣ್ಣೆಗೆ ಜೇನುಮೇಣವನ್ನು ಬೆರೆಸಿ ಉಜ್ಜಿದನು. ಕೊಬ್ಬರಿ ಎಣ್ಣೆ ಬೇಡವೆಂದನು. ಅದು ಮುಗ್ಗುಹಿಡಿದು ವಾಸನೆ ಬರುತ್ತದೆ, ಅಗಸೆಯದು ಒಣಗಿ ಗಟ್ಟಿಯಾಗುತ್ತದೆ. ತಳದ ಅಂಕಿಗಳು ಉಳಿಯ ಬಾಯಿಗೆ ಸಿಕ್ಕಿ ಹೋಗುವಾಗ ತಂಗಿ "ಅಯ್ಯೋ" ಎಂದಳು. ಆದರೆ ಅವಳು ಅವನ್ನೆಲ್ಲ ಮೊದಲೇ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಮೂರರಲ್ಲಿ ಕುದಿಸಿದ್ದು ಚೆನ್ನಾಗಿಯೇ ಉಳಿದು ನಮ್ಮ ದೇವರ ಮುಂದೆ ಹೂವಿಗೆ ಆಗಿದೆ. ಇನ್ನೊಂದು, ಒಂದು ಗಂಟು ಇದ್ದ ಕಡೆ ಸ್ವಲ್ಪ ಬಿರಿಯಿತು. ಎಲ್ಲ ಉಪಚಾರ ಮಾಡಿದರೂ ಹೀಗೆ ಒಂದೊಂದು ಕೈಬಿಡುವುದುಂಟು. ಅದಕ್ಕಾಗಿಯೇ ಬೇಕಾದ್ದಕ್ಕಿಂತ ಒಂದೆರಡು ಹೆಚ್ಚಿಗೆ ಕಡೆಯಿಸಿಕೊಳ್ಳುವುದು ಜಾಣತನ.

ಹೊರಡುವ ಮುನ್ನ ತಂಗಿ ಚೀಲದಿಂದ ಇನ್ನೊಂದು ಬಟ್ಟಲನ್ನು ತೆಗೆದಳು. ಶಿವರಾತ್ರಿಗೆ ಸೀಳಿದ್ದ ಅದೇ ಹಳೆಯದು! ಬಿಸಾಡಿರಬಹುದೆಂದು ನಾನು ತಿಳಿದಿದ್ದೆನು. ಇದನ್ನು ಸರಿಮಾಡಲು ಆಗುತ್ತದೆಯೇ ಎಂದು ಆಚಾರಿಯನ್ನು ಕೇಳಿದಳು. ಅವನು ಸೀಳಿನ ಮೇಲೆ ಹೆಬ್ಬೆರಳಾಡಿಸಿ, "ಬೇಡಮ್ಮ, ಹೀಗೇ ಇರಲಿ. ಸೀಳಬೇಕಾದಷ್ಟು ಸೀಳಿ ಮುಗಿದಿದೆ, ಇನ್ನು ಬೆಳೆಯೋದಿಲ್ಲ. ನೀರು ಪದಾರ್ಥ ಬಿಟ್ಟು ಏನಾದರೂ ಹಾಕಿಕೊಳ್ಳಿ" ಎಂದನು. ಅವಳ ಮನೆಯಲ್ಲಿ ಈಗ ಹೊಸ ಬಟ್ಟಲಿನಲ್ಲಿ ನಿಂಬೆಯ ಹಣ್ಣೂ ಹಳೆಯದರಲ್ಲಿ ಗುಂಡಿ, ನೂಲಿನ ಉಂಡೆಗಳೂ ಇರುತ್ತವೆ. ತೂಗುವುದಕ್ಕೆ ಏನೂ ಉಳಿದಿಲ್ಲವಾದರೂ ಭಾನುವಾರ ಬೆಳಗ್ಗೆ ನಮ್ಮ ಮನೆಯ ದೂರವಾಣಿ ಬಡಿಯುವುದು ನಿಂತಿಲ್ಲ.